ಮರುಬಳಕೆಯ ಆಯಿಲ್ ಫಿಲ್ಟರ್ ಅಳವಡಿಸಿದ ಬಳಿಕ ಮೋಟಾರ್ ಸೈಕಲಿನ ತೈಲಮಟ್ಟ ಪರೀಕ್ಷೆ: ತಿಳಿದಿರಬೇಕಾದ ಸಂಗತಿಗಳು

ಥಾಣೆ, ಡೊಂಬಿವಲಿ, ಕಲ್ಯಾಣ್ ಹಾಗೂ ನವಿಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಮೋಟಾರ್ ಸೈಕಲ್ ಇಂದು ವಿಲಾಸದ ವಸ್ತುವಾಗಿ ಉಳಿದಿಲ್ಲ. ಬೆಳಗ್ಗೆ ರೈಲು ನಿಲ್ದಾಣದ ತನಕ, ಸಂಜೆ ಮಾರುಕಟ್ಟೆಯ ತನಕ, ರವಿವಾರ ಸಂಘದ ಕಾರ್ಯಕ್ರಮದ ತನಕ ಅದೇ ನಮ್ಮ ವಾಹನ. ಅನೇಕ ಮನೆಗಳಲ್ಲಿ ತಂದೆ ಹದಿನೈದು ವರ್ಷ ಓಡಿಸಿದ ಗಾಡಿಯನ್ನೇ ಈಗ ಕಾಲೇಜಿಗೆ ಹೋಗುವ ಮಗನೋ ಮಗಳೋ ಓಡಿಸುತ್ತಿರುವುದನ್ನು ನಾವು ಕಾಣುತ್ತೇವೆ. ಪೆಟ್ರೋಲ್ ಮುಗಿದರೆ ಗಾಡಿ ನಿಲ್ಲುತ್ತದೆ. ಆದುದರಿಂದ ಅದನ್ನು ಯಾರೂ ಮರೆಯುವುದಿಲ್ಲ. ಎಂಜಿನ್ ಆಯಿಲ್ ಕಡಿಮೆಯಾದರೆ ಮಾತ್ರ ಗಾಡಿ ಏನನ್ನೂ ಹೇಳದೆ ಓಡುತ್ತಲೇ ಇರುತ್ತದೆ. ಅದು ಹೇಳುವ ಹೊತ್ತಿಗೆ ಎಂಜಿನ್ನಿಗೆ ಆಗಬೇಕಾದ ಹಾನಿ ಆಗಿಯೇ ಹೋಗಿರುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಕಾಗದದ ಆಯಿಲ್ ಫಿಲ್ಟರಿನ ಬದಲಿಗೆ, ತೊಳೆದು ಮತ್ತೆ ಮತ್ತೆ ಬಳಸಬಹುದಾದ ಸ್ಟೇನ್‌ಲೆಸ್ ಸ್ಟೀಲಿನ ಜಾಲರಿ ಫಿಲ್ಟರನ್ನು ಅಳವಡಿಸುವವರು ನಮ್ಮ ಯುವಕರಲ್ಲಿ ಕಾಣಿಸಿಕೊಳ್ಳುತ್ತಿದ್ದಾರೆ. ಈ ಬದಲಾವಣೆಯ ನಂತರ ತೈಲಮಟ್ಟವನ್ನು ಹೇಗೆ ನೋಡಬೇಕು, ಯಾಕೆ ನೋಡಬೇಕು ಎಂಬುದನ್ನು ಮನೆಯ ಎಲ್ಲರಿಗೂ ತಿಳಿಯುವಂತೆ ಇಲ್ಲಿ ಕ್ರೋಡೀಕರಿಸಿ ನೀಡುತ್ತಿದ್ದೇವೆ.

ಎಂಜಿನ್ನಿನಲ್ಲಿ ತೈಲದ ಕೆಲಸ

ನಾಲ್ಕು ಸ್ಟ್ರೋಕಿನ ಮೋಟಾರ್ ಸೈಕಲ್ ಎಂಜಿನ್ನಿನ ಅಡಿಭಾಗದಲ್ಲಿ ತೈಲ ಸಂಗ್ರಹವಾಗಿರುತ್ತದೆ. ಪಂಪ್ ಅದನ್ನು ಹೀರಿ ಫಿಲ್ಟರಿನ ಮೂಲಕ ಹಾಯಿಸಿ, ಕ್ರ್ಯಾಂಕ್, ಪಿಸ್ಟನ್ ಮತ್ತು ಮೇಲ್ಭಾಗದ ಕವಾಟಗಳಿಗೆ ತಲುಪಿಸುತ್ತದೆ. ಕೆಲಸ ಮುಗಿಸಿದ ತೈಲ ತನ್ನ ಭಾರದಿಂದಲೇ ಮತ್ತೆ ಅಡಿಗೆ ಇಳಿದು ಬರುತ್ತದೆ. ಕಾರಿನ ಎಂಜಿನ್ನಿಗೂ ಬೈಕಿನ ಎಂಜಿನ್ನಿಗೂ ಇರುವ ಮುಖ್ಯ ವ್ಯತ್ಯಾಸವೆಂದರೆ, ಬಹುತೇಕ ಬೈಕುಗಳಲ್ಲಿ ಎಂಜಿನ್, ಕ್ಲಚ್ ಹಾಗೂ ಗೇರುಪೆಟ್ಟಿಗೆ ಮೂರಕ್ಕೂ ಒಂದೇ ತೈಲ. ಆದುದರಿಂದಲೇ ಬೈಕಿಗೆ ಕಾರಿನ ತೈಲವನ್ನು ಹಾಕಬಾರದೆಂದೂ, ಒದ್ದೆ ಕ್ಲಚ್ಚಿಗೆ ಹೊಂದುವ ಜಾಸೊ ಎಂಎ ಅಥವಾ ಎಂಎ2 ದರ್ಜೆಯ ತೈಲವನ್ನೇ ಬಳಸಬೇಕೆಂದೂ ಬಲ್ಲವರು ಹೇಳುತ್ತಾರೆ. ಜಾಸೊ ಎಂಬುದು ಜಪಾನಿನ ವಾಹನ ಮಾನಕ ಸಂಸ್ಥೆಯ ಹೆಸರು. ಮೋಟಾರ್ ಸೈಕಲ್ ತೈಲಗಳಿಗಾಗಿಯೇ ಎಂಎ ದರ್ಜೆ 1998ರಲ್ಲಿ ಬಂತು, ಎಂಎ2 ಆನಂತರ ಬಂತು.

ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ 100ರಿಂದ 150 ಸಿಸಿ ತನಕದ ಗಾಡಿಗಳಲ್ಲಿ ತೈಲದ ಪ್ರಮಾಣ ಸುಮಾರು ಒಂದು ಲೀಟರಿನ ಆಸುಪಾಸಿನಲ್ಲಿರುತ್ತದೆ. ಕಾರಿನಲ್ಲಿ 200 ಮಿಲಿಲೀಟರ್ ಕಡಿಮೆಯಾದರೆ ಅಷ್ಟೇನೂ ವ್ಯತ್ಯಾಸವಾಗದು. ಒಂದು ಲೀಟರ್ ಹಿಡಿಯುವ ಬೈಕಿನಲ್ಲಿ ಅದೇ 200 ಮಿಲಿಲೀಟರ್ ಎಂದರೆ ಐದರಲ್ಲಿ ಒಂದು ಪಾಲು. ಇಷ್ಟು ಸಣ್ಣ ಸಂಗ್ರಹವೇ ಎಂಜಿನ್ನನ್ನು ತಣಿಸಬೇಕು, ಗೇರನ್ನು ಕಾಪಾಡಬೇಕು, ಕಸವನ್ನೂ ಹೊತ್ತು ತರಬೇಕು. ಮೇಲಾಗಿ ಈ ವರ್ಗದ ಹೆಚ್ಚಿನ ಗಾಡಿಗಳಲ್ಲಿ ತೈಲದ ಒತ್ತಡ ಕುಸಿದರೆ ಎಚ್ಚರಿಸುವ ಕೆಂಪು ದೀಪವೂ ಇರುವುದಿಲ್ಲ. ಡಿಪ್‌ಸ್ಟಿಕ್ ಎಂಬ ಅಳತೆಕಡ್ಡಿ ಅಥವಾ ಎಂಜಿನ್ನಿನ ಬದಿಯ ಗಾಜಿನ ಕಿಂಡಿ, ಇವೆರಡೇ ನಮಗಿರುವ ಸಾಕ್ಷಿಗಳು.

ಮರುಬಳಕೆಯ ಫಿಲ್ಟರ್ ಹೊಸತೇನಲ್ಲ

ತೊಳೆದು ಬಳಸುವ ಫಿಲ್ಟರ್ ಎಂದೊಡನೆ ವಿದೇಶೀ ವಸ್ತುವೆಂದು ಭಾವಿಸಬೇಕಾಗಿಲ್ಲ. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100 ಹಾಗೂ 1994ರಲ್ಲಿ ಬಂದ ಸ್ಪ್ಲೆಂಡರ್ ಗಾಡಿಗಳಲ್ಲಿ ಕಾಗದದ ಫಿಲ್ಟರೇ ಇರಲಿಲ್ಲ. ಅವುಗಳಲ್ಲಿ ಪಂಪಿಗೆ ಮುನ್ನ ಒಂದು ತಂತಿ ಜಾಲರಿ, ಜತೆಗೆ ಕ್ರ್ಯಾಂಕಿನೊಂದಿಗೆ ತಿರುಗುವ ಒಂದು ಬಟ್ಟಲಿನಂತಹ ಫಿಲ್ಟರ್ ಇರುತ್ತದೆ. ಮೊಸರು ಕಡೆಯುವಾಗ ಬೆಣ್ಣೆ ಬೇರೆಯಾಗುವಂತೆ, ವೇಗವಾಗಿ ತಿರುಗುವ ಈ ಬಟ್ಟಲಿನಲ್ಲಿ ತೈಲದೊಳಗಿನ ಭಾರವಾದ ಕಸ ಅಂಚಿಗೆ ಸರಿದು ಅಂಟಿಕೊಳ್ಳುತ್ತದೆ. ಎರಡನ್ನೂ ಕಾಲಕಾಲಕ್ಕೆ ತೊಳೆದು ಒರೆಸಿ ಮತ್ತೆ ಕೂರಿಸಬೇಕು. 2011ರಲ್ಲಿ ಕಂಪೆನಿಯ ಹೆಸರು ಹೀರೋ ಮೋಟೋಕಾರ್ಪ್ ಎಂದು ಬದಲಾದ ಮೇಲೂ ಇದೇ ಬಗೆಯ ಎಂಜಿನ್ನು ಮುಂದುವರಿಯಿತು. ಆದುದರಿಂದ ಸ್ಪ್ಲೆಂಡರ್ ಇರುವವರು ಪ್ರತ್ಯೇಕ ಫಿಲ್ಟರ್ ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ. ಇರುವುದನ್ನು ಸಮಯಕ್ಕೆ ತೊಳೆಸಿದರೆ ಸಾಕು.

ಇನ್ನೂ ಹಿಂದಕ್ಕೆ ಹೋದರೆ ನಮ್ಮ ಮೈಸೂರಿನದೇ ಗಾಡಿಯ ನೆನಪು ಬರುತ್ತದೆ. 1961ರಿಂದ 1996ರ ತನಕ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳು ಎರಡು ಸ್ಟ್ರೋಕಿನವು. ಅವುಗಳಲ್ಲಿ ತೈಲವನ್ನು ಪೆಟ್ರೋಲಿನಲ್ಲೇ ಬೆರೆಸಿ ಹಾಕಬೇಕಿತ್ತು. ಅದು ಪೆಟ್ರೋಲಿನ ಜತೆಯಲ್ಲೇ ಉರಿದುಹೋಗುತ್ತಿತ್ತು. ಗೇರುಪೆಟ್ಟಿಗೆಗೆ ಮಾತ್ರ ಬೇರೆ ತೈಲ. ಆ ಗಾಡಿಗಳಲ್ಲಿ ಪಳಗಿದ ಹಿರಿಯರು ಪೆಟ್ರೋಲ್ ಹಾಕಿಸುವಾಗಲೆಲ್ಲ ತೈಲವನ್ನು ನೆನೆಯಲೇಬೇಕಾಗಿತ್ತು. ನಾಲ್ಕು ಸ್ಟ್ರೋಕಿನ ಗಾಡಿ ಆ ಶ್ರಮವನ್ನು ತಪ್ಪಿಸಿತು. ಜತೆಗೆ ತೈಲದ ನೆನಪನ್ನೂ ನಮ್ಮಿಂದ ದೂರ ಮಾಡಿತು ಎನ್ನಬೇಕು.

ಈಗ ಮಾರುಕಟ್ಟೆಯಲ್ಲಿ ಮರುಬಳಕೆಯ ಫಿಲ್ಟರ್ ಎಂದು ದೊರೆಯುವುದು ಮುಖ್ಯವಾಗಿ ಕಾಗದದ ಎಲಿಮೆಂಟ್ ಇರುವ ಗಾಡಿಗಳಿಗೆ ಹೊಂದುವಂತಹುದು. ಸಣ್ಣ ರಂಧ್ರಗಳ ಸ್ಟೇನ್‌ಲೆಸ್ ಸ್ಟೀಲ್ ಜಾಲರಿಯನ್ನು ನೆರಿಗೆ ನೆರಿಗೆಯಾಗಿ ಮಡಚಿ ಸಿಲಿಂಡರಿನ ಆಕಾರಕ್ಕೆ ತಂದಿರುತ್ತಾರೆ. ವಿದೇಶೀ ತಯಾರಿಕೆಯ ಕೆಲವು ಫಿಲ್ಟರ್‌ಗಳ ರಂಧ್ರ 35 ಮೈಕ್ರಾನಿನದು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಕಾಗದದ ನಾರಿನಲ್ಲಿ ರಂಧ್ರಗಳು ಸಣ್ಣವೂ ದೊಡ್ಡವೂ ಬೆರೆತಿರುತ್ತವೆ. ಉಕ್ಕಿನ ಜಾಲರಿಯಲ್ಲಿ ಎಲ್ಲವೂ ಒಂದೇ ಅಳತೆಯವು. ಜಾಲರಿಯಲ್ಲಿ ತೈಲ ಸುಲಭವಾಗಿ ಹರಿಯುತ್ತದೆ, ಆದರೆ ತೀರಾ ನವಿರಾದ ಧೂಳನ್ನು ಹಿಡಿಯುವುದರಲ್ಲಿ ಒಳ್ಳೆಯ ಕಾಗದದ ಫಿಲ್ಟರ್ ಹಿಂದುಳಿದಿಲ್ಲ. ಒಂದು ಮೇಲು, ಇನ್ನೊಂದು ಕೀಳು ಎಂದು ಸಾರಾಸಗಟಾಗಿ ಹೇಳುವುದು ಸರಿಯಲ್ಲ.

ಫಿಲ್ಟರ್ ಬದಲಿಸಿದಾಗ ಮಟ್ಟ ಇಳಿಯುವುದೇಕೆ?

ಫಿಲ್ಟರ್ ಕೂತಿರುವ ಗೂಡು, ಅದಕ್ಕೆ ಹೋಗುವ ಕಾಲುವೆಗಳು ಹಾಗೂ ಫಿಲ್ಟರಿನ ಒಳಹೊಟ್ಟೆ ಸದಾ ತೈಲದಿಂದ ತುಂಬಿರುತ್ತವೆ. ಫಿಲ್ಟರ್ ತೆಗೆದಾಗ ಇದೆಲ್ಲ ಖಾಲಿಯಾಗುತ್ತದೆ. ಹೊಸ ಫಿಲ್ಟರ್ ಕೂರಿಸಿ, ತೈಲ ಸುರಿದು, ಎಂಜಿನ್ ಚಾಲೂ ಮಾಡುವ ಮೊದಲೇ ಅಳತೆಕಡ್ಡಿ ನೋಡಿದರೆ ಮಟ್ಟ ಭರ್ತಿ ಎಂದೇ ತೋರುತ್ತದೆ. ಎಂಜಿನ್ ಚಾಲೂ ಆದ ಕೆಲವೇ ಕ್ಷಣಗಳಲ್ಲಿ ಪಂಪ್ ಈ ಖಾಲಿ ಜಾಗವನ್ನೆಲ್ಲ ತುಂಬಿಸುವುದರಿಂದ ಅಡಿಯ ಸಂಗ್ರಹ ಅಷ್ಟರ ಮಟ್ಟಿಗೆ ಇಳಿಯುತ್ತದೆ. ಆದುದರಿಂದ ಮೊದಲ ನೋಟವನ್ನು ನಂಬಬಾರದು. ಚಾಲೂ ಮಾಡಿ ನಿಲ್ಲಿಸಿದ ನಂತರದ ನೋಟವೇ ನಿಜವಾದ ನೋಟ.

ಈ ಕಾರಣದಿಂದಲೇ ಗಾಡಿಯ ಕೈಪಿಡಿಯಲ್ಲಿ ಹಲವು ಬಾರಿ ಎರಡು ಅಥವಾ ಮೂರು ಪ್ರಮಾಣಗಳನ್ನು ಮುದ್ರಿಸಿರುತ್ತಾರೆ: ತೈಲ ಮಾತ್ರ ಬದಲಿಸಿದಾಗ ಒಂದು, ಫಿಲ್ಟರ್ ಸಹಿತ ಬದಲಿಸಿದಾಗ ತುಸು ಹೆಚ್ಚಿನದೊಂದು, ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿದಾಗ ಇನ್ನೂ ಹೆಚ್ಚಿನದೊಂದು. ಗ್ಯಾರೇಜಿನಲ್ಲಿ ಒಂದು ಲೀಟರಿನ ಡಬ್ಬಿಯನ್ನು ಪೂರ್ತಿ ಸುರಿದು ಕೈತೊಳೆಯುವ ರೂಢಿ ಕಾಣುತ್ತದೆ. ಆ ಗಾಡಿಗೆ ಬೇಕಾದುದು 900 ಮಿಲಿಲೀಟರ್ ಆಗಿದ್ದರೆ ಅದು ಹೆಚ್ಚಾಯಿತು. 1100 ಆಗಿದ್ದರೆ ಕಡಿಮೆಯಾಯಿತು. ಡಬ್ಬಿಯ ಅಳತೆ ಎಂಜಿನ್ನಿನ ಅಳತೆಯಲ್ಲ.

ಮರುಬಳಕೆಯ ಫಿಲ್ಟರಿನ ವಿಷಯದಲ್ಲಿ ಮತ್ತೂ ಮೂರು ಅಂಶಗಳನ್ನು ಗಮನಿಸಬೇಕಾಗುತ್ತದೆ.

ಮೊದಲನೆಯದಾಗಿ, ಕಾಗದ ತೈಲವನ್ನು ನಾರಿನೊಳಗೆ ಹೀರಿ ಇಟ್ಟುಕೊಳ್ಳುತ್ತದೆ, ಉಕ್ಕು ಹೀರುವುದಿಲ್ಲ. ಉಕ್ಕಿನ ಫಿಲ್ಟರಿನ ಗಾತ್ರ, ಚೌಕಟ್ಟಿನ ದಪ್ಪ ಬೇರೆಯಾಗಿದ್ದರೆ ಗೂಡಿನೊಳಗೆ ಹಿಡಿಯುವ ತೈಲದ ಪ್ರಮಾಣವೂ ತುಸು ಬೇರೆಯಾದೀತು. ಹಾಗಾಗಿ ಕೈಪಿಡಿಯ ಅಂಕೆ ಇಲ್ಲಿ ಮಾರ್ಗದರ್ಶಿ ಮಾತ್ರ. ಅಂತಿಮ ತೀರ್ಪು ಅಳತೆಕಡ್ಡಿಯದು.

ಎರಡನೆಯದಾಗಿ, ಡಬ್ಬಿಯಂತೆ ತಿರುಗಿಸಿ ಕೂರಿಸುವ ಫಿಲ್ಟರುಗಳಲ್ಲಿ, ಎಂಜಿನ್ ನಿಂತಾಗ ತೈಲ ಹಿಂದಕ್ಕೆ ಹರಿಯದಂತೆ ತಡೆಯುವ ಒಂದು ರಬ್ಬರಿನ ಕವಾಟ ಸಾಮಾನ್ಯವಾಗಿ ಇರುತ್ತದೆ. ಮರುಬಳಕೆಯ ಫಿಲ್ಟರಿನಲ್ಲಿ ಅದು ಇಲ್ಲದಿದ್ದರೆ ಅಥವಾ ಸರಿಯಾಗಿ ಮುಚ್ಚದಿದ್ದರೆ, ರಾತ್ರಿಯಿಡೀ ತೈಲ ನಿಧಾನವಾಗಿ ಅಡಿಗೆ ಇಳಿಯಬಹುದು. ಬೆಳಗ್ಗೆ ತಣ್ಣಗಿರುವಾಗ ನೋಡಿದರೆ ಮಟ್ಟ ಮೇಲೆ, ಓಡಿಸಿ ಬಂದು ನೋಡಿದರೆ ಕೆಳಗೆ. ಇದು ತೈಲ ಸೋರಿದ ಲಕ್ಷಣವಲ್ಲ; ನೋಡುವ ಹೊತ್ತು ಬೇರೆಯಾದುದರ ಫಲ. ಪ್ರತಿಸಲವೂ ಒಂದೇ ಕ್ರಮದಲ್ಲಿ ನೋಡಿದರೆ ಈ ಗೊಂದಲವಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಮರುಬಳಕೆಯ ಫಿಲ್ಟರ್ ಇದ್ದವರು ತೈಲ ಬದಲಿಸದಿದ್ದರೂ ನಡುವೆ ಒಮ್ಮೆ ಫಿಲ್ಟರನ್ನು ತೆಗೆದು ನೋಡುವುದುಂಟು, ತೊಳೆಯುವುದುಂಟು. ಹಾಗೆ ತೆಗೆದಾಗಲೆಲ್ಲ ಗೂಡಿನ ತೈಲ ಹೊರಗೆ ಹೋಗುತ್ತದೆ. ತೈಲ ಬದಲಿಸಲಿಲ್ಲವೆಂಬ ಕಾರಣಕ್ಕೆ ಮಟ್ಟ ನೋಡದೆ ಬಿಟ್ಟರೆ, ಎರಡು ಸಲ ತೊಳೆಯುವಷ್ಟರಲ್ಲಿ ಎಂಜಿನ್ ಕನಿಷ್ಠ ಗೆರೆಗಿಂತ ಕೆಳಗಿಳಿದಿರಬಹುದು.

ಪರೀಕ್ಷಿಸುವ ಕ್ರಮ

1. ಸಮತಟ್ಟಾದ ಜಾಗವನ್ನು ಆರಿಸಿಕೊಳ್ಳಿ. ನಮ್ಮ ಸೊಸೈಟಿಗಳ ಪಾರ್ಕಿಂಗ್ ನೆಲ ನೋಟಕ್ಕೆ ಸಮವಾಗಿ ತೋರಿದರೂ ಮಳೆನೀರು ಹರಿದುಹೋಗಲೆಂದು ಇಳಿಜಾರು ಮಾಡಿರುತ್ತಾರೆ. ಒಂದು ಗೋಲಿಯನ್ನು ನೆಲದ ಮೇಲಿಟ್ಟು ಅದು ಉರುಳುವುದೇ ಎಂದು ನೋಡಿದರೆ ಸಾಕು.

2. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ. ಸೆಂಟರ್ ಸ್ಟ್ಯಾಂಡ್ ಇಲ್ಲದಿದ್ದರೆ ಒಬ್ಬರು ನೆಟ್ಟಗೆ ಹಿಡಿದುಕೊಳ್ಳಲಿ, ಇನ್ನೊಬ್ಬರು ನೋಡಲಿ. ಸೈಡ್ ಸ್ಟ್ಯಾಂಡಿನಲ್ಲಿ ವಾಲಿದ ಗಾಡಿಯ ಮಟ್ಟ ಎಂದೂ ನಿಜವನ್ನು ಹೇಳದು.

3. ಎಂಜಿನನ್ನು ಚಾಲೂ ಮಾಡಿ 3ರಿಂದ 5 ನಿಮಿಷ ನಿಧಾನಗತಿಯಲ್ಲಿ ಓಡಲು ಬಿಡಿ. ಫಿಲ್ಟರ್ ಬದಲಿಸಿದ ನಂತರದ ಮೊದಲ ಚಾಲೂ ಆಗಿದ್ದರೆ ಎಕ್ಸಲೇಟರ್ ತಿರುವಬಾರದು. ಫಿಲ್ಟರ್ ತುಂಬುವ ತನಕ ಬೇರಿಂಗುಗಳಿಗೆ ತೈಲ ತಲುಪಿರುವುದಿಲ್ಲ. ಮುಚ್ಚಿದ ಗ್ಯಾರೇಜಿನಲ್ಲಿ ಹೀಗೆ ಮಾಡಬೇಡಿ; ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಪ್ರಾಣಾಂತಿಕ.

4. ಎಂಜಿನ್ ನಿಲ್ಲಿಸಿ 2ರಿಂದ 3 ನಿಮಿಷ ಕಾಯಿರಿ. ಮೇಲೆ ಹೋದ ತೈಲ ಇಳಿದು ಬರಲು ಇಷ್ಟು ಸಮಯ ಬೇಕು. ಕೈಪಿಡಿಯಲ್ಲಿ ಬೇರೆ ಸಮಯ ಹೇಳಿದ್ದರೆ ಅದನ್ನೇ ಪಾಲಿಸಿ.

5. ಅಳತೆಕಡ್ಡಿಯನ್ನು ಬಿಚ್ಚಿ ಸ್ವಚ್ಛ ಬಟ್ಟೆಯಿಂದ ಒರೆಸಿ ಮತ್ತೆ ಇಳಿಸಿ. ಹೋಂಡಾ, ಹೀರೋ ಗಾಡಿಗಳಲ್ಲಿ ಕಡ್ಡಿಯನ್ನು ತಿರುಪದೆ ಸುಮ್ಮನೆ ಕೂರಿಸಿ ನೋಡಬೇಕು. ಪೂರ್ತಿ ತಿರುಪಿ ನೋಡಿದರೆ ಕಡ್ಡಿ ಇನ್ನಷ್ಟು ಕೆಳಗಿಳಿದು ಮಟ್ಟ ಹೆಚ್ಚೆಂದು ಸುಳ್ಳು ಹೇಳುತ್ತದೆ. ತಿರುಪಿಯೇ ನೋಡಬೇಕಾದ ಗಾಡಿಗಳೂ ಇವೆ. ಆದುದರಿಂದ ಇದೊಂದು ಅಂಶವನ್ನು ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳಿ.

6. ತೈಲದ ಗುರುತು ಕೆಳಗಿನ ಮತ್ತು ಮೇಲಿನ ಗೆರೆಗಳ ನಡುವೆ, ಮೇಲಿನ ಗೆರೆಗೆ ಸಮೀಪವಿರಬೇಕು. ಕಡಿಮೆಯಿದ್ದರೆ ಒಮ್ಮೆಗೆ 50 ಮಿಲಿಲೀಟರಿನಂತೆ ಸೇರಿಸಿ, ಒಂದೆರಡು ನಿಮಿಷ ತಡೆದು ಮತ್ತೆ ನೋಡಿ. ಮನೆಯಲ್ಲಿರುವ ಕೆಮ್ಮಿನ ಔಷಧದ ಹಳೆಯ ಅಳತೆ ಲೋಟ ಈ ಕೆಲಸಕ್ಕೆ ಉತ್ತಮ. ಮತ್ತೆ ಅದನ್ನು ಔಷಧಕ್ಕೆ ಬಳಸಕೂಡದು.

ಪಲ್ಸರಿನ ಹಲವು ಮಾದರಿಗಳಲ್ಲಿಯೂ ರಾಯಲ್ ಎನ್‌ಫೀಲ್ಡ್‌ನ ಈಚಿನ ಗಾಡಿಗಳಲ್ಲಿಯೂ ಕಡ್ಡಿಯ ಬದಲು ಗಾಜಿನ ಕಿಂಡಿ ಇರುತ್ತದೆ. ಕಿಂಡಿಯ ಗಾಜು ಒಳಗಿನಿಂದ ಕಂದುಗಟ್ಟಿದ್ದರೆ ಮೋಸಹೋಗುವ ಸಂಭವವಿದೆ. ಗಾಡಿಯನ್ನು ಮೆಲ್ಲನೆ ಎಡಕ್ಕೂ ಬಲಕ್ಕೂ ವಾಲಿಸಿ ನೋಡಿ. ತೈಲದ ಅಂಚು ಚಲಿಸುವುದು ಕಂಡರೆ ಅದು ತೈಲ, ಚಲಿಸದಿದ್ದರೆ ಅದು ಕಲೆ. ಹಳೆಯ ಎರಕದ ಕಬ್ಬಿಣದ ಬುಲೆಟ್‌ನ ರೀತಿಯೇ ಬೇರೆ. ಅದರಲ್ಲಿ ತೈಲದ ತೊಟ್ಟಿ ಪ್ರತ್ಯೇಕವಾಗಿದ್ದು, ಗಾಡಿ ಬಹಳ ದಿನ ನಿಂತರೆ ತೈಲ ತೊಟ್ಟಿಯಿಂದ ಕ್ರ್ಯಾಂಕಿನ ಕೋಣೆಗೆ ಇಳಿದುಬಿಡುತ್ತದೆ. ನಿಂತ ಗಾಡಿಯ ಕಡ್ಡಿ ನೋಡಿ ತೈಲವಿಲ್ಲವೆಂದು ಸುರಿದರೆ ಅತಿಯಾಗುವುದು ಖಂಡಿತ. ಮೊದಲು ಓಡಿಸಿ, ನಂತರ ನೋಡುವುದೇ ಅದಕ್ಕೆ ಸರಿಯಾದ ಕ್ರಮ.

ಮಟ್ಟ ಹೆಚ್ಚಾದರೂ ಅಪಾಯವೇ

ಕಡಿಮೆಯಾದರೆ ತಾನೇ ತೊಂದರೆ, ತುಸು ಹೆಚ್ಚಿದ್ದರೆ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಮಟ್ಟ ಅತಿಯಾದರೆ ತಿರುಗುವ ಭಾಗಗಳು ತೈಲವನ್ನು ಕಡೆದು ನೊರೆ ಎಬ್ಬಿಸುತ್ತವೆ. ಗಾಳಿ ಬೆರೆತ ನೊರೆಯಿಂದ ಸರಿಯಾದ ಲೇಪ ಸಿಗದು. ಉಕ್ಕಿದ ತೈಲ ಉಸಿರುನಳಿಕೆಯ ಮೂಲಕ ಏರ್ ಫಿಲ್ಟರಿಗೆ ಹೋಗುತ್ತದೆ, ಸೀಲುಗಳ ಮೇಲೆ ಒತ್ತಡ ಬೀಳುತ್ತದೆ, ಗಾಡಿ ಭಾರವಾಗಿ ಎಳೆಯುತ್ತದೆ. ಮೇಲಿನ ಗೆರೆ ದಾಟಿದ್ದರೆ ಸಿರಿಂಜು ಹಾಗೂ ಸಣ್ಣ ಪೈಪಿನಿಂದ ಹೀರಿ ತೆಗೆಯಬೇಕು.

ತೈಲ ಸೇರಿಸದೆಯೇ ಮಟ್ಟ ತಾನಾಗಿ ಏರಿದ್ದರೆ ಅದು ಇನ್ನೂ ಗಂಭೀರ. ತೈಲಕ್ಕೆ ಪೆಟ್ರೋಲಿನ ವಾಸನೆ ಇದ್ದರೆ ಕಾರ್ಬ್ಯುರೇಟರ್ ಸೋರಿ ಪೆಟ್ರೋಲ್ ಬೆರೆತಿದೆ ಎಂದರ್ಥ. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ನೀರು ಸೇರಿದೆ. ಎರಡೂ ಸಂದರ್ಭಗಳಲ್ಲಿ ಗಾಡಿಯನ್ನು ಓಡಿಸದೆ ತೈಲ ಬದಲಿಸಿ, ಕಾರಣವನ್ನು ಹುಡುಕಬೇಕು.

ನಮ್ಮ ಭಾಗದ ಮಳೆಗಾಲ

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದುದನ್ನೂ, ಉಲ್ಲಾಸ್ ನದಿ ಉಕ್ಕಿ ಕಲ್ಯಾಣ್, ಬದ್ಲಾಪುರ ಭಾಗಗಳು ಜಲಾವೃತವಾದುದನ್ನೂ ಇಲ್ಲಿನ ಹಿರಿಯರು ಮರೆತಿಲ್ಲ. ಪಾರ್ಕಿಂಗ್ ಜಾಗದಲ್ಲಿ ನೀರು ನಿಲ್ಲುವುದು ಈಗಲೂ ಅಪರೂಪವಲ್ಲ. ಎಂಜಿನ್ ಮುಳುಗುವಷ್ಟು ನೀರು ನಿಂತಿದ್ದರೆ ನೀರಿಳಿದೊಡನೆ ಕಿಕ್ ಹೊಡೆದು ನೋಡುವುದು ಸ್ವಾಭಾವಿಕವಾದರೂ ಅದು ಸಲ್ಲದು. ಮೊದಲು ಅಳತೆಕಡ್ಡಿ ತೆಗೆದು ತೈಲದ ಬಣ್ಣ ಹಾಗೂ ಮಟ್ಟ ನೋಡಿ. ಮಟ್ಟ ಏರಿದ್ದರೆ ಅಥವಾ ಬಣ್ಣ ಬದಲಾಗಿದ್ದರೆ ಚಾಲೂ ಮಾಡದೆ ಮೆಕ್ಯಾನಿಕ್‌ನನ್ನು ಕರೆಸಿ. ಮರುಬಳಕೆಯ ಫಿಲ್ಟರ್ ಇದ್ದರೆ ಅದನ್ನೂ ತೆಗೆದು ತೊಳೆದು ಒಣಗಿಸಬೇಕು; ನೆರಿಗೆಗಳ ನಡುವೆ ಕೆಸರೂ ನೀರೂ ಉಳಿದಿರುತ್ತವೆ.

ನೆರೆ ಬಾರದಿದ್ದರೂ ನಮ್ಮ ದಿನನಿತ್ಯದ ಓಡಾಟದಲ್ಲೇ ಒಂದು ಸೂಕ್ಷ್ಮವಿದೆ. ಮನೆಯಿಂದ ಡೊಂಬಿವಲಿ, ಠಾಕುರ್ಲಿ, ನೆರೂಳ್ ಅಥವಾ ಬೇಲಾಪುರ ನಿಲ್ದಾಣದ ತನಕ ಎರಡು ಕಿಲೋಮೀಟರ್ ಓಡಿಸಿ, ಗಾಡಿಯನ್ನು ಸಂಜೆಯ ತನಕ ನಿಲ್ಲಿಸಿ ಲೋಕಲ್ ಹಿಡಿಯುವವರೇ ಹೆಚ್ಚು. ಇಷ್ಟು ಕಡಿಮೆ ದೂರದಲ್ಲಿ ತೈಲ ಪೂರ್ತಿ ಬಿಸಿಯಾಗುವುದಿಲ್ಲ. ಒಳಗೆ ಸೇರಿದ ತೇವ ಆವಿಯಾಗಿ ಹೊರಹೋಗುವುದಿಲ್ಲ. ಮಳೆಗಾಲದಲ್ಲಿ ತೈಲದ ಮುಚ್ಚಳದ ಒಳಬದಿಯಲ್ಲಿ ಬೆಣ್ಣೆಯಂತಹ ನೊರೆ ಕಾಣುವುದು ಇದರಿಂದಲೇ. ಇಂತಹ ಗಾಡಿಯಲ್ಲಿ ಕಡ್ಡಿ ಭರ್ತಿ ತೋರಿಸಿದರೂ ಆ ತೈಲದ ಸತ್ವ ಕುಂದಿರಬಹುದು. ವರ್ಷಕ್ಕೆ ಸಾವಿರ ಕಿಲೋಮೀಟರ್ ಮಾತ್ರ ಓಡಿದ್ದರೂ ತೈಲವನ್ನು ಕೈಪಿಡಿಯಲ್ಲಿ ಹೇಳಿದ ತಿಂಗಳ ಲೆಕ್ಕದಲ್ಲಿ ಬದಲಿಸಬೇಕು. ವಾರಕ್ಕೊಮ್ಮೆ ಪಾಮ್ ಬೀಚ್ ರಸ್ತೆಯಂತಹ ತೆರವಾದ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ ಬಂದರೆ ಎಂಜಿನ್ನಿಗೂ ಹಿತ.

ಇದಕ್ಕೆ ವ್ಯತಿರಿಕ್ತವಾಗಿ ಶಿಳ್‌ಫಾಟಾ, ಘೋಡ್‌ಬಂದರ್ ರಸ್ತೆಗಳ ವಾಹನದಟ್ಟಣೆಯಲ್ಲಿ ಮೊದಲ ಗೇರಿನಲ್ಲೇ ಗಂಟೆಗಟ್ಟಲೆ ತೆವಳುವವರಿದ್ದಾರೆ. ಗಾಳಿಯಿಂದ ತಣಿಯಬೇಕಾದ ಎಂಜಿನ್ ಆಗ ವಿಪರೀತ ಕಾಯುತ್ತದೆ. ತೈಲ ತೆಳುವಾಗುತ್ತದೆ, ತುಸು ತುಸುವೇ ಉರಿದು ಕಡಿಮೆಯೂ ಆಗುತ್ತದೆ. ಇಂತಹವರು ಎರಡು ವಾರಕ್ಕೊಮ್ಮೆ ಮಟ್ಟ ನೋಡುವುದು ಕ್ಷೇಮ.

ಮೊದಲ 500 ಕಿಲೋಮೀಟರ್

ಹೊಸ ಬಗೆಯ ಫಿಲ್ಟರ್ ಹಾಕಿದ ಬಳಿಕ ಮೊದಲ ರಾತ್ರಿ ಗಾಡಿಯ ಅಡಿಯಲ್ಲಿ ಹಳೆಯ ಪತ್ರಿಕೆಯೊಂದನ್ನು ಹಾಸಿ. ಬೆಳಗ್ಗೆ ಅದರ ಮೇಲೆ ಎಣ್ಣೆಯ ಚುಕ್ಕೆ ಬಿದ್ದಿದ್ದರೆ ಓ-ರಿಂಗ್, ಫಿಲ್ಟರ್ ಮುಚ್ಚಳ ಅಥವಾ ಡ್ರೇನ್ ಬೋಲ್ಟಿನ ವಾಷರ್ ಇವುಗಳಲ್ಲೊಂದು ಸರಿಯಾಗಿ ಕೂತಿಲ್ಲ. ಓಡುವಾಗ ಸೋರುವ ತೈಲ ಹಿಂದಿನ ಚಕ್ರದ ಮೇಲೆ ಬಿದ್ದರೆ ತಿರುವಿನಲ್ಲಿ ಗಾಡಿ ಜಾರಿ ಸವಾರನ ಜೀವಕ್ಕೇ ಸಂಚಕಾರ. ಸೋರಿಕೆ ಕಂಡಿತೆಂದು ಬೋಲ್ಟನ್ನು ಬಲವಾಗಿ ಬಿಗಿಯುವುದೂ ಅಪಾಯಕರ. ಅಲ್ಯುಮಿನಿಯಮ್ಮಿನ ಮರೆ ಕಿತ್ತುಬಂದರೆ ಖರ್ಚು ಫಿಲ್ಟರಿನ ಹಲವು ಪಟ್ಟಾದೀತು. ವಾಷರನ್ನೂ ಓ-ರಿಂಗನ್ನೂ ಹೊಸದಾಗಿ ಹಾಕುವುದೇ ಪರಿಹಾರ.

ಆನಂತರ ಮರುದಿನ, 100 ಕಿಲೋಮೀಟರಿಗೆ, 500 ಕಿಲೋಮೀಟರಿಗೆ ಹೀಗೆ ಮೂರು ಸಲ ಮಟ್ಟ ನೋಡಿ ಒಂದು ಚೀಟಿಯಲ್ಲಿ ಬರೆದಿಡಿ. ಮೂರೂ ಒಂದೇ ಇದ್ದರೆ ನಿಶ್ಚಿಂತೆ. ಇಳಿಯುತ್ತ ಹೋದರೆ, ಹೊರಗೆ ಸೋರಿಕೆಯೂ ಇಲ್ಲದಿದ್ದರೆ, ಹೊಗೆಯ ಬಣ್ಣವನ್ನು ಗಮನಿಸಿ. ನೀಲಿ ಹೊಗೆ ಎಂದರೆ ತೈಲ ಒಳಗೆ ಉರಿಯುತ್ತಿದೆ. ಅದಕ್ಕೆ ಫಿಲ್ಟರ್ ಕಾರಣವಲ್ಲ, ಪಿಸ್ಟನ್ ರಿಂಗು ಅಥವಾ ಕವಾಟದ ಸೀಲು ಸವೆದಿದೆ.

ಫಿಲ್ಟರ್ ಕೂರಿಸುವ ದಿಕ್ಕನ್ನೂ ನೋಡಿಕೊಳ್ಳಬೇಕು. ಹೋಂಡಾದ ಕೆಲವು ಎಂಜಿನ್ನುಗಳ ಫಿಲ್ಟರಿನ ಮೇಲೆ ಯಾವುದು ಹೊರಬದಿ ಎಂಬ ಗುರುತಿರುತ್ತದೆ. ತಿರುಗಾಮುರುಗಾ ಹಾಕಿದರೆ ತೈಲದ ಹರಿವೇ ನಿಂತುಹೋಗುತ್ತದೆ. ಆಗ ಕಡ್ಡಿಯಲ್ಲಿ ಮಟ್ಟ ಭರ್ತಿಯಿದ್ದರೂ ಎಂಜಿನ್ನಿಗೆ ಒಂದು ಹನಿಯೂ ತಲುಪದು. ಮಟ್ಟ ಸರಿಯಿದೆ ಎಂಬುದು ಹರಿವು ಸರಿಯಿದೆ ಎಂಬುದಕ್ಕೆ ಪ್ರಮಾಣವಲ್ಲ. ಎಂಜಿನ್ನಿನ ಮೇಲ್ಭಾಗದಲ್ಲಿ ಕಟಕಟ ಸದ್ದು ಕೇಳಿಬಂದು ನಿಲ್ಲದಿದ್ದರೆ ಕೂಡಲೇ ಬಂದ್ ಮಾಡಿ.

ತೊಳೆಯುವ ವಿಧಾನ

ತೆಗೆದ ಫಿಲ್ಟರನ್ನು ತೊಳೆಯುವ ಮುನ್ನ ಬಿಳಿ ಬಟ್ಟೆಯ ಮೇಲೆ ಮೆಲ್ಲನೆ ತಟ್ಟಿ, ಬಿದ್ದ ಕಸವನ್ನು ಬೆಳಕಿನಲ್ಲಿ ನೋಡಿ. ಕಾಗದದ ಫಿಲ್ಟರಿನಲ್ಲಿ ಅಷ್ಟು ಸುಲಭವಾಗಿ ಸಿಗದ ಸೌಲಭ್ಯವಿದು. ಕಪ್ಪು ಮಸಿಯಂತಹ ಪುಡಿ ಕ್ಲಚ್ ಸವೆತದ್ದು, ಅಲ್ಪವಿದ್ದರೆ ಸಹಜ. ಹಿತ್ತಾಳೆ ಬಣ್ಣದ ಚೂರು ಬುಶ್‌ನದು, ಆಯಸ್ಕಾಂತಕ್ಕೆ ಅಂಟುವ ಹೊಳೆಯುವ ಚೂರು ಗೇರು ಅಥವಾ ಬೇರಿಂಗಿನದು. ಕಣ್ಣಿಗೆ ಕಾಣುವಷ್ಟು ದೊಡ್ಡ ಲೋಹದ ಚೂರು ಬಂದರೆ ಮೆಕ್ಯಾನಿಕ್‌ಗೆ ತೋರಿಸದೆ ಇರಬೇಡಿ.

ತೊಳೆಯಲು ಪೆಟ್ರೋಲ್ ಬಳಸಬೇಡಿ. ಕಟ್ಟಡದ ಕೆಳಗಿನ ಪಾರ್ಕಿಂಗಿನಲ್ಲಿ ಹತ್ತಾರು ಗಾಡಿಗಳ ನಡುವೆ ಪೆಟ್ರೋಲ್ ಆವಿಗೆ ಒಂದು ಕಿಡಿ ಸಾಕು. ಸೀಮೆಎಣ್ಣೆ ಅಥವಾ ಭಾಗಗಳನ್ನು ತೊಳೆಯುವ ದ್ರಾವಣವನ್ನು ಅಗಲ ಬಟ್ಟಲಿಗೆ ಹಾಕಿ, ಬಯಲಿನಲ್ಲಿ, ಮೆದು ಬ್ರಷ್ಷಿನಿಂದ ತೊಳೆಯಿರಿ. ತಂತಿ ಬ್ರಷ್ ಬಳಸಿದರೆ ಜಾಲರಿ ಹರಿಯುತ್ತದೆ. ಗಾಳಿಯನ್ನು ಒಳಗಿನಿಂದ ಹೊರಕ್ಕೆ, ಕಡಿಮೆ ಒತ್ತಡದಲ್ಲಿ ಊದಿಸಬೇಕು. ಪೂರ್ತಿ ಒಣಗಿದ ಮೇಲೆ ಬೆಳಕಿಗೆ ಹಿಡಿದು ಜಾಲರಿ ಎಲ್ಲಿಯೂ ಬಿರಿದಿಲ್ಲವೆಂದು ಖಚಿತಪಡಿಸಿಕೊಂಡು, ಹೊಸ ತೈಲದಲ್ಲಿ ಅದ್ದಿ ಕೂರಿಸಿ. ದ್ರಾವಣ ಉಳಿದರೆ ಅದು ತೈಲದಲ್ಲಿ ಬೆರೆತು ಅದನ್ನು ತೆಳುವಾಗಿಸುತ್ತದೆ. ತೊಳೆಯಲು ಸಮಯವಾಗಲಿ ತಾಳ್ಮೆಯಾಗಲಿ ಇಲ್ಲದವರಿಗೆ ಕಾಗದದ ಫಿಲ್ಟರೇ ಲೇಸು ಎಂಬುದು ನಮ್ಮ ಅಭಿಪ್ರಾಯ. ತೊಳೆಯದೆ ಬಿಟ್ಟ ಜಾಲರಿ ಕಟ್ಟಿಕೊಂಡರೆ ಬೈಪಾಸ್ ಕವಾಟ ತೆರೆದು ಸೋಸದ ತೈಲವೇ ಎಂಜಿನ್ನಿಗೆ ಹೋಗುತ್ತದೆ. ವಾರಂಟಿಯಲ್ಲಿರುವ ಹೊಸ ಗಾಡಿಯಾಗಿದ್ದರೆ ಬದಲಾಯಿಸುವ ಮೊದಲು ಕಂಪೆನಿಯ ಷರತ್ತುಗಳನ್ನು ಓದಿಕೊಳ್ಳಿ. ಫಿಲ್ಟರ್ ಮರುಬಳಕೆಯದಾದರೂ ತೈಲ ಮರುಬಳಕೆಯದಲ್ಲ. ಅದನ್ನು ನಿಗದಿತ ಅವಧಿಗೆ ಬದಲಿಸಲೇಬೇಕು.

ಹಳೆಯ ತೈಲದ ವಿಲೇವಾರಿ

ಬಳಸಿದ ತೈಲ 2016ರ ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಫಿಲ್ಟರ್ ತೊಳೆದ ಕೊಳಕು ಸೀಮೆಎಣ್ಣೆಯನ್ನೂ ಅಂತೆಯೇ ಕಾಣಬೇಕು. ಕಲ್ಯಾಣ್, ಡೊಂಬಿವಲಿಯ ಚರಂಡಿಗೆ ಸುರಿದುದು ಉಲ್ಲಾಸ್ ಖಾರಿಗೆ ಸೇರುತ್ತದೆ. ಥಾಣೆ, ನವಿಮುಂಬಯಿಯ ಚರಂಡಿಗೆ ಸುರಿದುದು ಥಾಣೆ ಖಾರಿಗೆ ಸೇರುತ್ತದೆ. ಪ್ರತಿವರ್ಷ ರಾಜಹಂಸಗಳು ಬಂದಿಳಿಯುವ ಈ ಖಾರಿಯ ಒಂದು ಭಾಗವನ್ನು 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವೆಂದು ಘೋಷಿಸಲಾಯಿತು. 2022ರಲ್ಲಿ ಅದು ರಾಮ್ಸಾರ್ ತಾಣಗಳ ಪಟ್ಟಿಗೂ ಸೇರಿತು. ಮಕ್ಕಳನ್ನು ಕರೆದುಕೊಂಡು ಹೋಗಿ ಆ ಹಕ್ಕಿಗಳನ್ನು ತೋರಿಸುವ ನಾವೇ ಅವುಗಳ ಕೆಸರಿಗೆ ಎಣ್ಣೆ ಬೆರೆಸುವುದು ತರವಲ್ಲ. ಹಳೆಯ ತೈಲವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ತುಂಬಿ, ಸರ್ವೀಸ್ ಸೆಂಟರ್ ಅಥವಾ ತೈಲ ಸಂಗ್ರಹಿಸಿ ಅಧಿಕೃತ ಮರುಸಂಸ್ಕರಣೆಗೆ ಕೊಡುವ ಗ್ಯಾರೇಜಿಗೆ ಒಪ್ಪಿಸಿ.

ಊರಿಗೆ ಹೊರಡುವ ಮುನ್ನ

ಯುವಕರು ಮೋಟಾರ್ ಸೈಕಲಿನಲ್ಲೇ ಊರಿಗೆ ಹೊರಡುವುದು ಈಚೆಗೆ ಹೆಚ್ಚಿದೆ. ಪನ್ವೇಲ್‌ನಿಂದ ಆರಂಭವಾಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕೊಂಕಣದ ಘಟ್ಟಗಳನ್ನು ಹಾದು ಕಾರವಾರ, ಉಡುಪಿ, ಮಂಗಳೂರಿಗೆ ಹೋಗುವವರಿದ್ದಾರೆ. ಪುಣೆ ಮಾರ್ಗವಾಗಿ ಬೆಳಗಾವಿ, ಹುಬ್ಬಳ್ಳಿಯ ಕಡೆಗೆ ಹೋಗುವವರಿದ್ದಾರೆ. ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ದ್ವಿಚಕ್ರ ವಾಹನಗಳಿಗೆ ಅವಕಾಶವಿಲ್ಲದುದರಿಂದ ಖೋಪೋಲಿಯ ಹಳೆಯ ರಸ್ತೆಯಲ್ಲೇ ಬೋರ್ ಘಾಟ್ ಏರಬೇಕು. ದೀರ್ಘ ಏರುದಾರಿಯಲ್ಲಿ ತೈಲದ ಕೊರತೆ ಬೇಗ ಬಯಲಾಗುತ್ತದೆ. ಎಂಜಿನ್ ಹಠಾತ್ತನೆ ಬಿಗಿದುಕೊಂಡರೆ ಹಿಂದಿನ ಚಕ್ರವೂ ತಿರುಗದೆ ನಿಂತು ಸವಾರ ಉರುಳುವ ಸಂಭವವಿದೆ; ಅಂತಹ ಕ್ಷಣದಲ್ಲಿ ಕ್ಲಚ್ಚನ್ನು ಪೂರ್ತಿ ಹಿಡಿಯಬೇಕೆಂಬುದನ್ನು ಮನೆಯ ಮಕ್ಕಳಿಗೆ ಮೊದಲೇ ತಿಳಿಸಿಡಿ. ಪ್ರಯಾಣದ ಮುನ್ನಾದಿನವೇ ಹೊಸ ಬಗೆಯ ಫಿಲ್ಟರ್ ಹಾಕಿಸಿಕೊಂಡು ಹೊರಡುವುದು ಬೇಡ. ಕನಿಷ್ಠ ಎರಡು ವಾರ ಮೊದಲು ಹಾಕಿಸಿ, ಮೂರು ಸಲ ಮಟ್ಟ ನೋಡಿ, ನಂತರ ಹೊರಡಿ. ದಾರಿಯಲ್ಲಿ ಪ್ರತಿದಿನ ಬೆಳಗ್ಗೆ ಹೊರಡುವ ಮುನ್ನ ಒಮ್ಮೆ ಮಟ್ಟ ನೋಡಿ, ಅದೇ ದರ್ಜೆಯ ಅರ್ಧ ಲೀಟರ್ ತೈಲ ಜತೆಗಿರಲಿ.

ಈ ಪರೀಕ್ಷೆಗೆ ಬೇಕಾಗುವುದು ಹತ್ತು ನಿಮಿಷ ಮತ್ತು ಒಂದು ತುಂಡು ಬಟ್ಟೆ ಮಾತ್ರ. ತಿಂಗಳ ಮೊದಲ ರವಿವಾರ ಬೆಳಗ್ಗೆ ಮನೆಯ ಹಿರಿಯರೂ ಕಿರಿಯರೂ ಸೇರಿ ಇದನ್ನು ಮಾಡುವ ರೂಢಿ ಇಟ್ಟುಕೊಂಡರೆ, ಗಾಡಿಯ ಜತೆಗೆ ಗಾಡಿ ಓಡಿಸುವವರೂ ಸುರಕ್ಷಿತವಾಗಿರುತ್ತಾರೆ. ನಮ್ಮ ಕನ್ನಡ ಬಂಧುಗಳು ಈ ಮಾಹಿತಿಯ ಸದುಪಯೋಗ ಪಡೆಯಲಿ ಎಂಬುದು ನಮ್ಮ ಆಶಯ.